ಬಲಗಡೆಯ ಕುದುರೆ

ನಾವಿರುವುದು ಹಳೆಯ ಫೈರ್ ಸ್ಟೇಷನ್ನಿನಲ್ಲಿ. ಬೆಂಕಿ ಆರಿಸುವ ಗಾಡಿಗಳು ಅಲ್ಲಿಂದ ಹೊಸ ಕಟ್ಟಡಕ್ಕೆ ಹೋಗಿ ನಲವತ್ತು ವರ್ಷವಾಯಿತು. ಆದರೂ ಎರಡು ಮೂರು ವರ್ಷಕ್ಕೊಮ್ಮೆ ಯಾರಾದರೂ ಏದುಸಿರು ಬಿಡುತ್ತ ಬಂದು ನಮ್ಮ ಬಾಗಿಲು ಬಡಿಯುತ್ತಾರೆ. ಅಮ್ಮ ಅವರಿಗೆ ಹೊಸ ಸ್ಟೇಷನ್ನಿನ ಫೋನ್ ನಂಬರ್ ಹೇಳಿ, ಕೈಗೊಂದು ಬಕೆಟ್ ಕೊಟ್ಟು, "ಆಮೇಲೆ ವಾಪಸ್ ತಂದುಕೊಡಿ" ಎಂದು ಕಳಿಸುತ್ತಾಳೆ. ಇದುವರೆಗೆ ಯಾರೂ ತಂದುಕೊಟ್ಟಿಲ್ಲ.

ಕಟ್ಟಡ ಪುರಸಭೆಯದು. ಬಾಡಿಗೆ ಕಡಿಮೆ, ಸೋರುವುದು ಜಾಸ್ತಿ. ಒಟ್ಟು ಆರು ಸಂಸಾರ. ಕೆಳಗೆ ಒಂದು ಕಾಲದಲ್ಲಿ ಕುದುರೆ ಗಾಡಿ ನಿಲ್ಲುತ್ತಿದ್ದ ಎರಡು ದೊಡ್ಡ ಕಮಾನಿನ ಕೋಣೆಗಳಿವೆ. ಎಡಗಡೆಯದರಲ್ಲಿ ರಿಟೈರಾದ ಬಸ್ ಕಂಡಕ್ಟರು. ಮಾತು ಮುಗಿಸುವಾಗಲೆಲ್ಲ "ರೈಟ್" ಎನ್ನುವುದರಿಂದ ಎಲ್ಲರಿಗೂ ರೈಟ್ ಮಾಮ. ಬಲಗಡೆಯದರಲ್ಲಿ ಟೈಲರ್ ಆಂಟಿ, ಅವರ ಎರಡು ಹೊಲಿಗೆ ಮಷೀನು. ಮೇಲೆ ಸಿಬ್ಬಂದಿ ಮಲಗುತ್ತಿದ್ದ ಉದ್ದನೆಯ ಹಾಲಿಗೆ ಅಡ್ಡಡ್ಡ ಹಲಗೆ ಹೊಡೆದು ನಾಲ್ಕು ಮನೆ ಮಾಡಿದ್ದಾರೆ. ನಮ್ಮದು ಬಲ ತುದಿಯದು, ಅಂದರೆ ಆಂಟಿಯ ತಲೆಯ ಮೇಲಿನದು. ನಮ್ಮ ಅಡುಗೆಮನೆಯ ನೆಲದಲ್ಲಿ ಎರಡೂವರೆ ಅಡಿ ಅಗಲದ ಒಂದು ತೂತಿದೆ. ಗಂಟೆ ಹೊಡೆದಾಗ ಸಿಬ್ಬಂದಿ ಕಂಬ ಹಿಡಿದು ಜಾರಿ ಇಳಿಯುತ್ತಿದ್ದದ್ದು ಅದರಲ್ಲೇ. ಹಿತ್ತಾಳೆ ಕಂಬವನ್ನು ಯಾರೋ ಯಾವತ್ತೋ ಮಾರಿಕೊಂಡರು. ತೂತನ್ನು ಮಾರಲಾಗದೆ ಬಿಟ್ಟುಹೋದರು.

ನಾನು ಚಿಕ್ಕವಳಿದ್ದಾಗ ಆ ತೂತು ಅಮ್ಮನಿಗೂ ಟೈಲರ್ ಆಂಟಿಗೂ ಲಿಫ್ಟಿನ ಹಾಗೆ. ಹಗ್ಗಕ್ಕೆ ಬುಟ್ಟಿ ಕಟ್ಟಿ ಮೇಲಿಂದ ಚಹಾ ಇಳಿಸುತ್ತಿದ್ದರು, ಕೆಳಗಿನಿಂದ ಗುಂಡಿ ಹಾಕಿದ ಅಂಗಿ ಏರಿಸುತ್ತಿದ್ದರು. ನನಗೆ ಐದು ವರ್ಷವಾದಾಗ ಅಮ್ಮನ ಸೌಟು ಕಾಣೆಯಾಯಿತು. ಮೊಳದುದ್ದದ ಕಬ್ಬಿಣದ ಸೌಟು, ತವರಿನಿಂದ ತಂದದ್ದು. ಎಲ್ಲಿ ಹುಡುಕಿದರೂ ಸಿಗಲಿಲ್ಲ. ತೂತಿನಿಂದ ಕೆಳಗೆ ಬಿದ್ದಿರಬೇಕು, ಬಿದ್ದದ್ದನ್ನು ಆಂಟಿ ಎತ್ತಿಟ್ಟುಕೊಂಡಿರಬೇಕು ಎಂದು ಅಮ್ಮ ತೀರ್ಮಾನಿಸಿ, ಹೋಗಿ ಕೇಳಿದಳು. ಆಂಟಿ ಇಲ್ಲವೆಂದರು. ಕೇಳಿದ ಧಾಟಿಯೂ ಸರಿಯಿರಲಿಲ್ಲ, ಇಲ್ಲವೆಂದ ಧಾಟಿಯೂ ಸರಿಯಿರಲಿಲ್ಲ. ಸಂಜೆ ಅಮ್ಮನ ಅಪ್ಪಣೆಯಂತೆ ಅಪ್ಪ ತೂತಿಗೆ ಹಲಗೆ ಮುಚ್ಚಿ ಎಂಟು ಮೊಳೆ ಜಡಿದ. ಹತ್ತೊಂಬತ್ತು ವರ್ಷದಿಂದ ಇಬ್ಬರ ನಡುವೆ ಮಾತಿಲ್ಲ. ಅಮ್ಮ ಬಟ್ಟೆ ಹೊಲಿಸಲು ನಾಲ್ಕು ಬೀದಿ ದಾಟಿ ಹೋಗುತ್ತಾಳೆ. ಹೊಲಿದು ತಂದದ್ದು ಒಂದೂ ಅವಳ ಅಳತೆಗೆ ಕೂತದ್ದನ್ನು ನಾನು ಕಂಡಿಲ್ಲ.

ಅಪ್ಪ ಗಾರೆ ಮೇಸ್ತ್ರಿ. ಹಳೆಯ ಗೋಡೆಗಳಿಗೆ ತೇಪೆ ಹಾಕುವುದರಲ್ಲಿ ಎತ್ತಿದ ಕೈ. ತೇಪೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಮನೆಯ ಯಜಮಾನನಿಗೇ ಗೊತ್ತಾಗಬಾರದು, ಅದು ಅವನ ಹಟ. ತಾನು ಮಾಡಿದ ದುರಸ್ತಿಯ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. "ತೇಪೆ ಹಾಕಿದ್ದು ಹೇಳಿಕೊಂಡು ತಿರುಗಿದ್ರೆ ಅದು ತೇಪೆನಾ, ಬೋರ್ಡಾ?" ಎಂದು ಕೇಳುತ್ತಾನೆ.

ಇನ್ನು ಕುದುರೆಗಳು. ಕೆಳಗಿನ ಎರಡು ಕಮಾನುಗಳ ನೆತ್ತಿಯ ಮೇಲೆ ಒಂದೊಂದು ಗಾರೆಯ ಕುದುರೆ ತಲೆ. ಒಂದನ್ನೊಂದು ನೋಡುತ್ತಿರುವಂತೆ ಮಾಡಿದ್ದಾರೆ. ಕೆಳಗೆ ನಡೆದು ಹೋಗುವವರು ಯಾರೂ ತಲೆಯೆತ್ತಿ ನೋಡುವುದಿಲ್ಲ. ನಾನೂ ನೋಡುತ್ತಿರಲಿಲ್ಲ, ಈ ವರ್ಷದವರೆಗೆ.

ನಮ್ಮ ಪುರಸಭೆಯಲ್ಲಿ ಮನೆ ಕಂದಾಯದ ಜೊತೆ ಒಂದು ಸಣ್ಣ ಪಾಲನ್ನು ಬೇರೆಯಾಗಿ ಎತ್ತಿಡುತ್ತಾರೆ. ಅದನ್ನು ಮೂರೇ ಕೆಲಸಕ್ಕೆ ಖರ್ಚು ಮಾಡಬಹುದು: ಹಳೆಯ ಕಟ್ಟಡ ಉಳಿಸಲು, ಕಡಿಮೆ ಬಾಡಿಗೆಯ ಮನೆ ಕಟ್ಟಲು, ಬಯಲು ಜಾಗ ಬಿಡಲು. ಜನ ಮೂರು ಬುಟ್ಟಿ ದುಡ್ಡು ಎನ್ನುತ್ತಾರೆ. ಯಾವ ಬುಟ್ಟಿಯಿಂದ ಯಾರಿಗೆಷ್ಟು ಎಂದು ಏಳು ಜನರ ಸಮಿತಿ ತೀರ್ಮಾನಿಸುತ್ತದೆ. ನಾನು ಪುರಸಭೆಯಲ್ಲಿ ಗುತ್ತಿಗೆಯ ಟೈಪಿಸ್ಟ್. ಸಮಿತಿಯ ಕಾಗದವೆಲ್ಲ ನನ್ನ ಮೇಜಿಗೇ ಬರುತ್ತದೆ. ಈ ವರ್ಷದ ಮೊದಲ ಅರ್ಜಿಯಲ್ಲಿ ಹೀಗಿತ್ತು: ಹಳೆಯ ಫೈರ್ ಸ್ಟೇಷನ್ ಕೆಡವಿ, ಆ ಜಾಗದಲ್ಲಿ ಹುಲ್ಲು ಬೆಳೆಸಿ, ಸುತ್ತ ವಾಕಿಂಗ್ ದಾರಿ ಮಾಡಿಕೊಡಬೇಕು. ಅರ್ಜಿದಾರರು ನಮ್ಮ ಹಿಂದಿನ ಹೊಸ ಬಡಾವಣೆಯ ವಾಕಿಂಗ್ ಸಂಘದವರು. ಎಲ್ಲರೂ ಬಿಳಿ ಶೂ ಹಾಕುತ್ತಾರೆ.

ನಮ್ಮ ಮನೆ ಕೆಡವುವ ಅರ್ಜಿಯನ್ನು ನಾನೇ ಪಟ್ಟಿಗೆ ಸೇರಿಸಿ ಟೈಪ್ ಮಾಡಿದೆ. ಎರಡು ಕಾಗುಣಿತದ ತಪ್ಪಿತ್ತು, ಅದನ್ನೂ ತಿದ್ದಿದೆ. ಆಮೇಲೆ ಊಟದ ಡಬ್ಬಿ ತೆಗೆಯದೆ ಮನೆಗೆ ಓಡಿದೆ.

ಆ ಸಂಜೆ ರೈಟ್ ಮಾಮನ ಕೋಣೆಯಲ್ಲಿ ಆರು ಸಂಸಾರದವರೂ ಸೇರಿದರು. ಅಮ್ಮ ಒಂದು ಮೂಲೆ, ಟೈಲರ್ ಆಂಟಿ ಇನ್ನೊಂದು ಮೂಲೆ.

"ಮನೆ ಬುಟ್ಟಿಯಿಂದ ಕೇಳೋಣ," ಎಂದರು ಮಾಮ. "ನಾವು ಕಡಿಮೆ ಬಾಡಿಗೆಯವರೇ ತಾನೇ?"

"ವಿಚಾರಿಸಿದೆ ಮಾಮ. ಅದು ಮನೆ ಇಲ್ಲದವರಿಗಂತೆ. ನಮಗೆ ಮನೆ ಇದೆಯಂತೆ."

"ಮನೆ ಕೆಡವಿದ ಮೇಲೆ?"

"ಆವಾಗ ಬನ್ನಿ ಅಂದ್ರು."

ಮಾಮ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡರು. ಕೆಲಸ ಬಿಟ್ಟು ಒಂಬತ್ತು ವರ್ಷವಾದರೂ ಆ ಪೆನ್ಸಿಲ್ ಕಿವಿ ಬಿಟ್ಟಿಲ್ಲ.

ಉಳಿದದ್ದು ಹಳೆಯ ಕಟ್ಟಡದ ಬುಟ್ಟಿ. ಅದರ ನಿಯಮ ನನಗೆ ಬಾಯಿಪಾಠ, ನಾನೇ ಟೈಪ್ ಮಾಡಿದ್ದು. ಆ ಬುಟ್ಟಿಯಿಂದ ದುಡ್ಡು ಪಡೆದ ಕಟ್ಟಡವನ್ನು ಮುಂದೆ ಕೆಡವುವಂತಿಲ್ಲ. ಅದು ಯಾವ ಬಳಕೆಯಲ್ಲಿದೆಯೋ ಅದೇ ಬಳಕೆಯಲ್ಲಿರಬೇಕು. ಅಂದರೆ ಸೂರು ರಿಪೇರಿಗೆ ನಾಲ್ಕು ಕಾಸು ಸಿಕ್ಕರೂ ಸಾಕು, ನಾವು ಇಲ್ಲೇ ಇರಬಹುದು. ಸಿಗದಿದ್ದರೆ ಬಿಳಿ ಶೂಗಳು ಗೆಲ್ಲುತ್ತವೆ, ಆರು ತಿಂಗಳಲ್ಲಿ ಖಾಲಿ ಮಾಡಬೇಕು. ನಾವು ಕೊಡುವ ಬಾಡಿಗೆಗೆ ಊರಿನಲ್ಲಿ ಸೈಕಲ್ ನಿಲ್ಲಿಸುವ ಜಾಗವೂ ಸಿಗುವುದಿಲ್ಲ.

ಅರ್ಜಿ ತುಂಬಿದವಳು ನಾನು, ಬಾಡಿಗೆದಾರರ ಕಾರ್ಯದರ್ಶಿಯೆಂದು ಸಹಿ ಹಾಕಿದವರು ಮಾಮ. ಹದಿನಾಲ್ಕನೇ ಕಲಂ: 'ಈ ಹಿಂದೆ ಆದ ದುರಸ್ತಿಗಳ ವಿವರ.' ಅಪ್ಪ ಅಂಗಳದಲ್ಲಿ ಕರಣೆ ತೊಳೆಯುತ್ತಿದ್ದ.

"ಅಪ್ಪಾ, ಮುಂಭಾಗದಲ್ಲಿ ಯಾವತ್ತಾದ್ರೂ ರಿಪೇರಿ ಆಗಿದ್ಯಾ?"

"ಇಲ್ಲ," ಎಂದ, ತಲೆ ಎತ್ತದೆ.

"ಕುದುರೆಗಳು?"

"ಇಲ್ಲ ಅಂದ್ನಲ್ಲ. ಬರಿ."

ಬರೆದೆ.

ಸಮಿತಿಯಿಂದ ಇಬ್ಬರು ಪರಿಶೀಲನೆಗೆ ಬಂದರು. ಒಬ್ಬರು ಅಧ್ಯಕ್ಷರು, ಹಲ್ಲಿನ ಡಾಕ್ಟರು. ಇನ್ನೊಬ್ಬರು ಹಳೆಯ ಕಟ್ಟಡಗಳ ಪರಿಣತೆ; ಹಾಡಹಗಲಲ್ಲೂ ಟಾರ್ಚ್ ಬಿಟ್ಟು ನೋಡುವುದರಿಂದ ಕಚೇರಿಯಲ್ಲಿ ಅವರಿಗೆ ಟಾರ್ಚ್ ಮೇಡಂ ಎಂದು ಹೆಸರು. ಅಪ್ಪನ ಏಣಿ ಹಾಕಿಸಿಕೊಂಡು ಮೊದಲು ಎಡಗಡೆಯ ಕುದುರೆಯ ಹತ್ತಿರ ಎರಡು ನಿಮಿಷ, ಆಮೇಲೆ ಬಲಗಡೆಯ ಕುದುರೆಯ ಹತ್ತಿರ ಅರ್ಧ ಗಂಟೆ ನಿಂತರು. ಭೂತಗನ್ನಡಿ ಹಿಡಿದು ಮೂಗಿನ ಹೊಳ್ಳೆ ನೋಡಿದರು, ಕೇಸರದ ಕೂದಲನ್ನು ಬೆರಳಲ್ಲಿ ಸವರಿದರು.

"ಆಹಾ," ಎಂದರು ಏಣಿಯ ಮೇಲಿಂದಲೇ. "ಇದು ದೊಡ್ಡ ಕೈ. ನೂರು ವರ್ಷದ ಹಿಂದಿನ ಗಾರೆ ಕೆಲಸದಲ್ಲಿ ಇಂಥ ಹೊಳ್ಳೆ ನಾನು ನೋಡೇ ಇಲ್ಲ."

ಏಣಿ ಹಿಡಿದು ನಿಂತಿದ್ದ ಅಪ್ಪನ ಕಿವಿ ಕೆಂಪಾಯಿತು. ಬಿಸಿಲಿಗೆ ಎಂದುಕೊಂಡೆ.

"ಎಡಗಡೇದು?" ಎಂದರು ಡಾಕ್ಟರು.

"ಅದು ಬಿಡಿ ಸಾರ್. ಆಮೇಲೆ ಯಾರೋ ಕಲಿಯೋರು ಇದನ್ನ ನೋಡಿ ನಕಲು ಮಾಡಿರೋದು. ಮುಖ ನೋಡಿದ್ರೆ ಗೊತ್ತಾಗಲ್ವಾ, ಇಡ್ಲಿಗೆ ಕಿವಿ ಇಟ್ಟ ಹಾಗಿದೆ."

ಏಣಿ ಒಮ್ಮೆ ಅಲುಗಾಡಿತು. "ರೀ ಮೇಸ್ತ್ರಿ, ಗಟ್ಟಿ ಹಿಡ್ಕೊಳ್ಳಿ!" ಎಂದು ಮೇಡಂ ಕೂಗಿದರು.

ಹತ್ತು ದಿನಕ್ಕೆ ಕರಡು ವರದಿ ನನ್ನ ಮೇಜಿಗೆ ಬಂತು. ಕುಣಿಯುವುದೊಂದು ಬಾಕಿ. ಬಲಗಡೆಯ ಕುದುರೆ 'ಅಪರೂಪದ ಮೂಲ ಕೃತಿ'. ಅದರ ಸಲುವಾಗಿ ಕಟ್ಟಡ ಉಳಿಸಬೇಕು, ಸೂರಿಗೂ ಮುಂಭಾಗಕ್ಕೂ ಕೇಳಿದಷ್ಟು ಹಣ ಕೊಡಬಹುದು. ಕೊನೆಯಲ್ಲಿ ಒಂದು ಷರತ್ತು: ಎಡಗಡೆಯದು ನಂತರದ ಕಾಲದ ಕಳಪೆ ನಕಲಾದ್ದರಿಂದ ಅದನ್ನು ಕಡಿದು ತೆಗೆದು, ಜಾಗವನ್ನು ಸಮತಟ್ಟು ಮಾಡತಕ್ಕದ್ದು. ಮುಂದಿನ ಶುಕ್ರವಾರ ಬಹಿರಂಗ ವಿಚಾರಣೆ, ಅಲ್ಲಿ ಯಾರೂ ತಕರಾರು ತೆಗೆಯದಿದ್ದರೆ ಮುಗಿಯಿತು.

ಮೆಟ್ಟಿಲ ಮೇಲೆ ಅಪ್ಪ ಸಿಕ್ಕ. ಓದಿ ಹೇಳಿದೆ. ಅವನು ಅಲ್ಲೇ ಕೂತುಬಿಟ್ಟ.

"ಅದನ್ನ ಕಡೀಬಾರದು," ಎಂದ.

"ಯಾವುದನ್ನ?"

"ಎಡಗಡೇದನ್ನ. ಹಳೇದು ಅದೇ."

"ಮತ್ತೆ ಬಲಗಡೇದು?"

ಅಪ್ಪ ಬೆರಳಿನ ಸಂದಿಯ ಸುಣ್ಣ ಕೆರೆದುಕೊಂಡ. "ನಾನು ಮಾಡಿದ್ದು."

ಹತ್ತೊಂಬತ್ತು ವರ್ಷದ ಹಿಂದೆ, ಕಟ್ಟಡದಿಂದ ಒಂದು ಚೂರು ಉದುರಿದರೂ ಅಪಾಯಕಾರಿ ಎಂದು ಘೋಷಿಸಿ ಎಲ್ಲರನ್ನೂ ಹೊರಗೆ ಹಾಕುತ್ತೇವೆ ಎಂದು ಪುರಸಭೆ ನೋಟಿಸ್ ಅಂಟಿಸಿತ್ತಂತೆ. ಅದಾದ ವಾರಕ್ಕೆ ಜೋರು ಗಾಳಿ ಬೀಸಿತು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವ ಅಪ್ಪ ನೋಡುತ್ತಾನೆ, ಬಲಗಡೆಯ ಕುದುರೆ ಅಂಗಳದಲ್ಲಿ ನುಚ್ಚುನೂರಾಗಿ ಬಿದ್ದಿದೆ. ಗುಡಿಸಿ ಮೂಟೆ ಕಟ್ಟಿ, ಮೇಲೆ ಗೋಣಿತಟ್ಟು ಇಳಿಬಿಟ್ಟ. ಕೇಳಿದವರಿಗೆಲ್ಲ, ಒಂದು ಕಿವಿ ಸೀಳು ಬಿಟ್ಟಿದೆ, ಸರಿ ಮಾಡ್ತಿದೀನಿ ಎಂದ. ಮೂರು ವಾರ ಆ ಗೋಣಿತಟ್ಟಿನ ಹಿಂದೆ ಕುದುರೆ ಕಟ್ಟಿದ. ಮೇಲೆ ಚಹಾ ನೀರು ಬಳಿದು ಹಳೆಯದರ ಬಣ್ಣ ಬರಿಸಿದ. ಇಷ್ಟನ್ನೂ ಅಮ್ಮನಿಗೂ ಹೇಳಿರಲಿಲ್ಲ.

"ಎಡಗಡೇದನ್ನ ನೋಡ್ಕೊಂಡೇ ಕಟ್ಟಿದ್ದು. ದಾರದಲ್ಲಿ ಅಳತೆ ತಗೊಂಡು, ಎಡ ಬಲ ಮಾಡಿ. ವರ್ಷ ವರ್ಷ ಸುಣ್ಣ ಬಳಿದೂ ಬಳಿದೂ ಅದರ ಮುಖ ಮುಚ್ಚಿಹೋಗಿದೆ ಅಷ್ಟೆ. ಒಳಗೆ ಬೆರಳಿಗೆ ಸಿಗುತ್ತೆ, ಒಂದೊಂದು ಕೂದಲೂ. ನಾನು ಸುಣ್ಣ ಬಳಿಯೋಕೆ ಬಿಟ್ಟಿದ್ರೆ ತಾನೇ ನನ್ನದು ಮುಚ್ಚೋದು? ಆ ವರ್ಷದಿಂದ ಪುರಸಭೆಯವರು ಬಳಿಯೋದೂ ನಿಲ್ಲಿಸಿದ್ರು."

"ಹಾಗಾದ್ರೆ ಸುಮ್ಮನಿರು," ಎಂದೆ.

"ಸುಮ್ಮನಿದ್ರೆ ಅದನ್ನ ಕಡೀತಾರೆ."

"ಕಡೀಲಿ. ಆರು ಮನೆ ಉಳಿಯುತ್ತೆ. ಒಂದು ಕುದುರೆ ತಲೆಗೆ ಆರು ಮನೆ, ಅಗ್ಗ."

"ನಾನು ಕಲಿತಿದ್ದು ಅದರ ಹತ್ರ ಕಣೇ."

"ಅಪ್ಪಾ, ಅದು ಗಾರೆ. ನಾವು ಜನ. ಅದಕ್ಕೆ ಬಾಡಿಗೆ ಮನೆ ಹುಡುಕೋ ಕಷ್ಟ ಇಲ್ಲ."

ಅಪ್ಪ ಎದ್ದು ಹೋದ. ನನ್ನ ಮಾತಿನಲ್ಲಿ ತಪ್ಪಿತ್ತೆಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ.

ಶುಕ್ರವಾರ ಸಂಜೆ ಐದಕ್ಕೆ ಶಾಲೆಯ ಹಾಲಿನಲ್ಲಿ ವಿಚಾರಣೆ. ವೇದಿಕೆಯ ಮೇಲೆ ಏಳು ಕುರ್ಚಿ, ನಡುವೆ ಡಾಕ್ಟರು. ನನ್ನನ್ನು ಪಕ್ಕದ ಮೇಜಿನಲ್ಲಿ ನಡಾವಳಿ ಬರೆದುಕೊಳ್ಳಲು ಕೂರಿಸಿದ್ದರು. ಬಿಳಿ ಶೂಗಳು ಮುಂದಿನ ಎರಡು ಸಾಲು ಹಿಡಿದಿದ್ದವು. ಅವರ ಅಧ್ಯಕ್ಷರು ದೊಡ್ಡ ಬಣ್ಣದ ನಕ್ಷೆ ತೋರಿಸಿದರು. ನಮ್ಮ ಮನೆಯಿರುವ ಕಡೆ ಹಸಿರು ಹುಲ್ಲು, ಅದರ ಮೇಲೆ ಒಂದು ನಾಯಿ.

"ನಾಯಿಗೆ ಜಾಗ ಇದೆ, ನಮಗಿಲ್ಲ," ಎಂದರು ರೈಟ್ ಮಾಮ, ಎಲ್ಲರಿಗೂ ಕೇಳುವ ಹಾಗೆ.

ಟಾರ್ಚ್ ಮೇಡಂ ವರದಿ ಓದಿದರು. ಬಲಗಡೆಯ ಕುದುರೆಯ ಹೊಳ್ಳೆಗೇ ಒಂದು ಪುಟವಿತ್ತು. ಬಿಳಿ ಶೂಗಳ ಮುಖ ಸಣ್ಣಗಾಯಿತು. ಡಾಕ್ಟರು ಕನ್ನಡಕ ಸರಿ ಮಾಡಿಕೊಂಡು, "ಯಾರದ್ದಾದ್ರೂ ತಕರಾರಿದ್ಯಾ?" ಎಂದರು. ನಾನು ಅಪ್ಪನ ಕಡೆ ನೋಡಿದೆ. ಅವನು ನನ್ನ ಕಡೆ ನೋಡಲಿಲ್ಲ. ಎದ್ದು ನಿಂತ.

"ಸಾರ್, ಆ ಬಲಗಡೆ ಕುದುರೆ ನಾನು ಮಾಡಿದ್ದು."

ನನ್ನ ಪೆನ್ನು ಅಲ್ಲೇ ನಿಂತಿತು. ಅಮ್ಮ ಅಪ್ಪನ ಅಂಗಿ ಹಿಡಿದು ಕೆಳಗೆ ಜಗ್ಗಿದಳು. "ಕೂತ್ಕೊಳ್ರೀ. ತಲೆ ಕೆಟ್ಟಿದ್ಯಾ?"

"ಹಳೇದು ಎಡಗಡೇದು. ಅದರ ಮೇಲಿನ ಸುಣ್ಣ ನಾನು ಬಿಡಿಸಿಕೊಡ್ತೀನಿ, ನೋಡಿ. ಇಡ್ಲಿ ಅನ್ನಬೇಡಿ ಮೇಡಂ, ಅದೊಂದು ಬೇಜಾರಾಯ್ತು."

ಸಭೆ ಗೊಳ್ಳೆಂದಿತು. ಟಾರ್ಚ್ ಮೇಡಂ ನಗಲಿಲ್ಲ. "ಮೇಸ್ತ್ರಿ, ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ನೀವು ಮಾಡಿದ್ದು ಅನ್ನೋದಕ್ಕೆ ಏನು ಸಾಕ್ಷಿ?"

ಅಪ್ಪ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಅಮ್ಮನ ಕಡೆ ಒಮ್ಮೆ ನೋಡಿದ. ಒಂದು ಹೆಜ್ಜೆ ಆಚೆ ಸರಿದ.

"ಕತ್ತಿನ ಒಳಗೆ ಆಧಾರಕ್ಕೆ ಕಬ್ಬಿಣ ಇಟ್ಟಿದೀನಿ. ಸರಳು ಒಂದು ಮೊಳ ಕಡಿಮೆ ಬಿದ್ದಿತ್ತು. ಸುಣ್ಣ ಕಲಸಿ ಆಗಿತ್ತು, ಅಂಗಡಿ ತೆಗೆಯೋವರೆಗೆ ಅದು ಕಾಯಲ್ಲ. ಮನೇಲಿ ಕೈಗೆ ಸಿಕ್ಕಿದ್ದು ಇಟ್ಟೆ."

"ಏನು ಇಟ್ರಿ?"

"ಸೌಟು."

ಒಂದು ಕ್ಷಣ ಯಾರಿಗೂ ಏನೂ ಅರ್ಥವಾಗಲಿಲ್ಲ, ಇಬ್ಬರನ್ನು ಬಿಟ್ಟು.

"ರೀ!" ಎಂದಳು ಅಮ್ಮ.

"ಅಯ್ಯೋ, ಅಯ್ಯೋ, ಕೇಳಿದ್ರಾ ಎಲ್ಲಾರೂ?" ಎಂದು ಹಿಂದಿನ ಸಾಲಿನಿಂದ ಟೈಲರ್ ಆಂಟಿ ಎದ್ದೇಬಿಟ್ಟರು. "ಹತ್ತೊಂಬತ್ತು ವರ್ಷ ನಾನು ಕಳ್ಳಿ! ಕುದುರೆ ಹೊಟ್ಟೇಲಿ ಇಟ್ಕೊಂಡು ನನ್ನ ಕಳ್ಳಿ ಮಾಡಿದ್ರಲ್ಲಪ್ಪ ಗಂಡ ಹೆಂಡ್ತಿ!"

"ಹೊಟ್ಟೆ ಅಲ್ಲ, ಕತ್ತು," ಎಂದ ಅಪ್ಪ. ಅವನಿಗೆ ಕೆಲಸದ ವಿವರ ತಪ್ಪಾದರೆ ಸಹಿಸಲಾಗುವುದಿಲ್ಲ.

"ನನ್ನ ತವರಿನ ಸೌಟು! ನನ್ನೆದುರಿಗೇ ಅಡುಗೆಮನೆಯೆಲ್ಲ ಹುಡುಕಿದ್ರಲ್ರೀ! ಕಪಾಟಿನ ಹಿಂದೆ ಟಾರ್ಚ್ ಬಿಟ್ಟು ನೋಡಿದ್ರಿ!"

"ನೀನು ನೋಡು ಅಂದೆ, ನೋಡ್ದೆ."

ಡಾಕ್ಟರು ಮೇಜು ಕುಟ್ಟಿದರು. ಕುಟ್ಟುತ್ತಲೇ ನಗುತ್ತಿದ್ದರು. ಆದರೆ ಬಿಳಿ ಶೂ ಅಧ್ಯಕ್ಷರು ಎದ್ದು ನಿಂತಿದ್ದರು, ಅವರಿಗೆ ನಗು ಬಂದಿರಲಿಲ್ಲ. "ಅಧ್ಯಕ್ಷರೇ, ಹದಿನಾಲ್ಕನೇ ಕಲಂನಲ್ಲಿ ದುರಸ್ತಿ ಇಲ್ಲ ಅಂತ ಬರೆದಿದ್ದಾರೆ. ಸುಳ್ಳು ಅರ್ಜಿ. ವಜಾ ಮಾಡಬೇಕು. ನಿಯಮ ಇದೆ."

ನಿಯಮ ಇತ್ತು. ಅದನ್ನೂ ನಾನೇ ಟೈಪ್ ಮಾಡಿದ್ದೆ.

"ಮೇಸ್ತ್ರಿ," ಎಂದರು ಡಾಕ್ಟರು, "ಯಾಕೆ ಇಲ್ಲ ಅಂತ ಬರೆಸಿದ್ರಿ?"

"ಸಾರ್, ನೀವು ಹಲ್ಲು ತುಂಬಿಸಿ ಕಳಿಸಿದ ಮೇಲೆ ಆ ಮನುಷ್ಯ ಬಾಯಿ ತೆಗೆದು ಊರಿಗೆಲ್ಲ ತೋರಿಸ್ತಾನಾ? ನೀವಾದ್ರೂ ಹೇಳ್ತೀರಾ, ಇವನ ಬಾಯಲ್ಲಿ ಮೂರು ನನ್ನವು ಅಂತ?"

"ಹೇಳಲ್ಲ," ಎಂದರು ಡಾಕ್ಟರು. ಅವರ ಕಣ್ಣು ಮುಂದಿನ ಸಾಲಿನ ಯಾರದೋ ಬಾಯಿಯ ಮೇಲೆ ಹೋಗಿ ಬಂತು. ಬಿಳಿ ಶೂ ಅಧ್ಯಕ್ಷರು ತುಟಿ ಮುಚ್ಚಿಕೊಂಡರು. "ಅದು ಸರಿ. ಆದ್ರೆ ನಿಯಮ ನಿಯಮವೇ."

ಅಷ್ಟರಲ್ಲಿ ನನಗೆ ಒಂಬತ್ತನೇ ನಿಯಮ ನೆನಪಾಯಿತು. ಸುಮ್ಮನಿರು ಎಂದವಳು ನಾನೇ. ಆದರೆ ಅಪ್ಪ ಈಗಾಗಲೇ ಗುಂಡಿಗೆ ಹಾರಿಯಾಗಿತ್ತು. ಮೇಲೆ ನಿಂತು ಬೈಯುವುದರಿಂದ ಮನೆ ಉಳಿಯುತ್ತಿರಲಿಲ್ಲ. ಎದ್ದೆ. ನಡಾವಳಿ ಬರೆಯುವವರು ಮಾತಾಡುವ ಪದ್ಧತಿಯಿಲ್ಲ.

"ಸಾರ್, ಒಂಬತ್ತನೇ ನಿಯಮದಲ್ಲಿ, ವಿಚಾರಣೆ ಮುಗಿಯುವವರೆಗೆ ಅರ್ಜಿದಾರರು ತಮ್ಮ ಅರ್ಜಿಯನ್ನು ತಾವೇ ತಿದ್ದಬಹುದು ಅಂತ ಇದೆ. ವಿಚಾರಣೆ ಇನ್ನೂ ಮುಗಿದಿಲ್ಲ."

ಡಾಕ್ಟರು ಪುಸ್ತಕ ತಿರುವಿದರು. ಟಾರ್ಚ್ ಮೇಡಂ ಇಣುಕಿದರು. ಇತ್ತು.

"ಅರ್ಜಿದಾರರು ಯಾರು?"

"ನಾನು!" ಎಂದು ರೈಟ್ ಮಾಮ ಆಗಲೇ ವೇದಿಕೆ ಹತ್ತಿದ್ದರು. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು 'ಇಲ್ಲ' ಎಂಬುದನ್ನು ಹೊಡೆದುಹಾಕಿ, ನಾನು ಹೇಳಿದಂತೆ ಬರೆದರು: 'ಬಲಗಡೆಯ ಕುದುರೆ ಪೂರ್ತಿ ಹೊಸದು. ಒಳಗೆ ಸೌಟಿದೆ.' ಕೆಳಗೆ ಸಹಿ ಹಾಕಿ, "ರೈಟ್!" ಎಂದರು. ಅಭ್ಯಾಸಬಲದಿಂದ ಹಾಳೆಯನ್ನು ಹರಿದುಕೊಡಲು ಹೊರಟವರನ್ನು ನಾನು ಕೈ ಹಿಡಿದು ತಡೆದೆ.

ಸೌಟು ಇದೆಯೋ ಇಲ್ಲವೋ ನೋಡಿದ ಮೇಲೆ ಮತದಾನ ಎಂದು ಸಮಿತಿ ಎದ್ದಿತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ನಲವತ್ತು ಜನ. ಮೇಡಂ ಏಣಿ ಹತ್ತಿ ಕುದುರೆಯ ಕತ್ತಿನ ಹಿಂದೆ ಟಾರ್ಚ್ ಬಿಟ್ಟರು, ಬೆರಳಿನಿಂದ ತಟ್ಟಿ ನೋಡಿದರು. "ಒಡೆಯದೆ ಹೇಗೆ ನೋಡೋದು?" ಎಂದರು.

"ತಗೊಳ್ಳಿ," ಎಂದು ಟೈಲರ್ ಆಂಟಿ ಒಂದು ದಾರಕ್ಕೆ ಕಟ್ಟಿದ ಅಯಸ್ಕಾಂತ ಮುಂದೆ ಹಿಡಿದರು. ನೆಲಕ್ಕೆ ಬಿದ್ದ ಸೂಜಿಗಳನ್ನು ಎತ್ತಲು ಇಟ್ಟುಕೊಂಡದ್ದು. "ಇದು ಸುಳ್ಳು ಹೇಳಲ್ಲ."

"ಕಿವಿ ಹಿಂದೆ, ಮೂರನೇ ಕೂದಲ ಹತ್ರ. ಸೌಟಿನ ತುದಿ ಅಲ್ಲಿದೆ, ಮೇಲೆ ಗಾರೆ ಕಾಸಿನ ದಪ್ಪ ಅಷ್ಟೆ," ಎಂದ ಅಪ್ಪ ಕೆಳಗಿನಿಂದ.

ಮೇಡಂ ದಾರ ಹಿಡಿದು ಇಳಿಬಿಟ್ಟರು. ಅಯಸ್ಕಾಂತ ಎರಡು ಸಲ ತೂಗಿ, ಓರೆಯಾಗಿ ಹೋಗಿ ಕುದುರೆಯ ಕತ್ತಿಗೆ ಟಕ್ಕನೆ ಕಚ್ಚಿಕೊಂಡಿತು. ಅಂಗಳದಲ್ಲಿ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ಹೊಡೆದವರು ಆಂಟಿ.

ಮೇಡಂ ಕೆಳಗಿಳಿದರು. ಆಮೇಲೆ ಏಣಿಯನ್ನು ಎಡಗಡೆಗೆ ಹಾಕಿಸಿದರು. ಅಪ್ಪ ಜೇಬಿನಿಂದ ಒಂದು ಬಿದಿರಿನ ಚೂರು ತೆಗೆದು ಕೊಟ್ಟ. ಇಬ್ಬರೂ ಸೇರಿ ಮಧ್ಯಾಹ್ನದವರೆಗೆ ಒಂದು ಅಂಗೈ ಅಗಲ ಸುಣ್ಣ ಬಿಡಿಸಿದರು. ಪದರ ಪದರವಾಗಿ ಎದ್ದು ಬಂತು. ಅಡಿಯಲ್ಲಿ ಒಂದು ಕಣ್ಣಿತ್ತು, ರೆಪ್ಪೆ ಸಮೇತ. ಅಪ್ಪನ ಕುದುರೆಗೆ ರೆಪ್ಪೆ ಇಲ್ಲ.

"ಇದು ನನ್ನ ಬೆರಳಿಗೆ ಸಿಕ್ಕಿರಲಿಲ್ಲ," ಎಂದ ಅಪ್ಪ. ಮುಖ ಸಪ್ಪಗಾಗಿತ್ತು.

ಮೇಡಂ ಇಳಿದು ಬಂದು ಕೈ ಒರೆಸಿಕೊಂಡರು. "ಹತ್ತೊಂಬತ್ತು ವರ್ಷದ್ದಕ್ಕೆ ನೂರು ವರ್ಷ ಅಂದೆ. ನನ್ನ ವರದಿ ನಾನೇ ವಾಪಸ್ ತಗೋತೀನಿ. ಟೈಪ್ ಮಾಡಿಬಿಡಮ್ಮ, ನಾನು ಬೇರೆ ಹೇಳ್ತೀನಿ," ಎಂದರು ನನ್ನ ಕಡೆ ತಿರುಗಿ. ಮರ್ಯಾದೆ ಹೋದದ್ದಕ್ಕೆ ಅವರು ಅಷ್ಟೇ ಸಮಯ ಖರ್ಚು ಮಾಡಿದ್ದು.

ಮತ ನಾಲ್ಕು ಮೂರಾಯಿತು. ನಾಲ್ಕು ನಮಗೆ. ನಾಲ್ಕನೆಯದು ಡಾಕ್ಟರದ್ದು. ಆದರೆ ಕೇಳಿದ್ದರಲ್ಲಿ ಅರ್ಧವೂ ಬರಲಿಲ್ಲ. ಹಳೆಯ ಕುದುರೆ ಇರುವ ಅರ್ಧಕ್ಕಷ್ಟೇ ಹಳೆಯ ಕಟ್ಟಡದ ದುಡ್ಡಂತೆ. ಸೂರು ಎಡಭಾಗದಲ್ಲಿ ಮಾತ್ರ ರಿಪೇರಿ. ನಮ್ಮ ಭಾಗ ಇನ್ನೂ ಸೋರುತ್ತದೆ. ಬಯಲಿನ ಬುಟ್ಟಿಯಿಂದ ಚಿಲ್ಲರೆ ಕೊಟ್ಟು ಅಂಗಳದ ಗೇಟು ತೆಗೆಸಿ ನಾಲ್ಕು ಬೆಂಚು ಹಾಕಿಸಿದರು. ಬಿಳಿ ಶೂಗಳು ಈಗ ಬೆಳಿಗ್ಗೆ ಆರಕ್ಕೆ ನಮ್ಮ ಬಟ್ಟೆ ಒಣಹಾಕಿದ ತಂತಿಯ ಕೆಳಗೆ ಕೂತು ಉಸಿರಾಟದ ವ್ಯಾಯಾಮ ಮಾಡುತ್ತಾರೆ. ಆದರೆ ಮನೆ ಉಳಿಯಿತು. ಆರೂ ಉಳಿದವು.

ಷರತ್ತು ಈ ಸಲವೂ ಒಂದಿತ್ತು. ಹಳೆಯ ಕಟ್ಟಡದ ಬುಟ್ಟಿಯ ನಿಯಮದಂತೆ ಹೊಸ ಕೆಲಸ ಹೊಸದೆಂದು ಕಾಣಬೇಕು. ಅಪ್ಪ ತನ್ನ ಕುದುರೆಯ ಮೇಲೆ ಅದು ಕಟ್ಟಿದ ವರ್ಷ ಕೆತ್ತಬೇಕು.

ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲ. ನಾಲ್ಕನೆಯ ದಿನ ಕೆತ್ತಿದ, ಕೇಸರದ ಅಡಿಯಲ್ಲಿ, ಇರುವೆ ಗಾತ್ರದ ಅಂಕಿಯಲ್ಲಿ. ಮೇಡಂ ಬಂದು ನೋಡಿ, ನೆಲದಿಂದ ಕಾಣಬೇಕು ಎಂದರು. ಎರಡನೆಯ ಸಲ ಕತ್ತಿನ ಕೆಳಗೆ ದೊಡ್ಡದಾಗಿ ಕೆತ್ತಿದ. ಎಷ್ಟು ಚೆಂದದ ಅಂಕಿಗಳೆಂದರೆ, ಆ ಕಟ್ಟಡ ಕಟ್ಟಿದವರೇ ಕೆತ್ತಿಟ್ಟ ಹಾಗಿತ್ತು. ಮೇಡಂ ಏಣಿ ಹತ್ತಿ ಮೂಗು ಹತ್ತಿರ ಒಯ್ದರು.

"ಮೇಸ್ತ್ರಿ, ಚಹಾ ವಾಸನೆ ಬರ್ತಿದೆ."

"ಒಂಚೂರು ಬಳಿದೆ, ಅಷ್ಟೆ."

"ತೊಳೀರಿ."

ತೊಳೆದ. ಈಗ ಅಂಕಿಗಳು ಬೆಳ್ಳಗೆ ಎದ್ದು ಕಾಣುತ್ತವೆ, ಹೊಸ ಹಲ್ಲಿನ ಹಾಗೆ. ಅಪ್ಪ ಹಿಂದಿನ ಬಾಗಿಲಿನಿಂದ ಓಡಾಡುತ್ತಾನೆ. ಕೆಲಸ ಮಾತ್ರ ಎರಡು ತಿಂಗಳಿಗೆ ತುಂಬಿಹೋಗಿದೆ, ಹಳೆಯ ಮನೆಯವರೆಲ್ಲ ಸ್ಟೇಷನ್ನಿನ ಮೇಸ್ತ್ರಿಯೇ ಬೇಕೆನ್ನುತ್ತಾರೆ. ಎಡಗಡೆಯ ಕುದುರೆಯ ಸುಣ್ಣ ಬಿಡಿಸುವುದು ಇನ್ನೂ ಮುಗಿದಿಲ್ಲ. ಅದನ್ನು ಮಾತ್ರ ಅವನು ಯಾರಿಗೂ ಮುಟ್ಟಲು ಕೊಡುವುದಿಲ್ಲ.

ಅಮ್ಮ ಒಂದು ವಾರ ಅಪ್ಪನ ಜೊತೆ ಮಾತಾಡಲಿಲ್ಲ. ಎಂಟನೆಯ ದಿನ ಅವನ ಮುಂದೆ ಮೊಳೆ ಕೀಳುವ ಸುತ್ತಿಗೆ ತಂದಿಟ್ಟಳು.

"ಹಲಗೆ ತೆಗೀರಿ."

"ಯಾಕೆ?"

"ತೆಗೀರಿ ಅಂದ್ರೆ ತೆಗೀರಿ."

ಎಂಟು ಮೊಳೆಯೂ ತುಕ್ಕು ಹಿಡಿದಿದ್ದವು. ಒಂದೊಂದೂ ಕಿರುಚುತ್ತ ಬಂತು. ಹಲಗೆ ಸರಿಸಿದಾಗ ಕೆಳಗಿನ ಹೊಲಿಗೆ ಮಷೀನಿನ ಸದ್ದು ನಿಂತಿತು. ಅಮ್ಮ ತೂತಿನ ಅಂಚಿನಲ್ಲಿ ಮಂಡಿಯೂರಿ ಬಗ್ಗಿದಳು. ಕೈಯಲ್ಲಿ ಅವಳದೇ, ಕಂಕುಳಲ್ಲಿ ಬಿಗಿಯುವ ಒಂದು ರವಿಕೆ.

ಕೆಳಗಿನಿಂದ ಟೈಲರ್ ಆಂಟಿ ಕನ್ನಡಕ ಹಣೆಗೇರಿಸಿ ನೋಡಿದರು.

"ಈ ಸಲ ಏನು ಬೀಳಿಸಿದ್ರಿ?"

"ಏನೂ ಇಲ್ಲ. ಇದನ್ನ ಒಂಚೂರು ಸಡಿಲ ಮಾಡಿಕೊಡ್ತೀರಾ ಅಂತ."

"ಎರಡರಷ್ಟು ಕೂಲಿ ಆಗುತ್ತೆ."

"ಯಾಕಂತೆ?"

"ಹತ್ತೊಂಬತ್ತು ವರ್ಷದ್ದು ಬಾಕಿ ಇದೆಯಲ್ಲ. ಬಿಸಾಕಿ, ಹಿಡ್ಕೋತೀನಿ."